ಹೆಡ್‌ಫೋನ್ ಕೊಟ್ಟವರಿಗೂ, ಮಾತ್ರೆ ನೆನಪಿಸಿದವರಿಗೂ

ಕಳೆದ ವಾರ ಶಿವಮೊಗ್ಗದಲ್ಲಿ ಡಾಕ್ಟರು ನನ್ನ ಖಿನ್ನತೆಯ ಮಾತ್ರೆಯ ಡೋಸ್ ಇಳಿಸಿದರು. ಡಿಗ್ರಿ ಪಾಸಾದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಡಾಕ್ಟರೇ, ಮಾತ್ರೆ ಹಿಡಿಯುವುದಕ್ಕೆ ಕೆಲವು ವಾರ ಬೇಕು, ನಡುವೆ ಬಿಡಬೇಡಿ ಎಂದು ಮೊದಲ ದಿನವೇ ಹೇಳಿದಿರಿ. ಹೇಳದಿದ್ದರೆ ಖಂಡಿತ ಬಿಡುತ್ತಿದ್ದೆ. ರಾತ್ರಿ ಊಟದ ತಟ್ಟೆ ಪಕ್ಕ ಮಾತ್ರೆ ಇಟ್ಟ ಅಮ್ಮನಿಗೆ ಥ್ಯಾಂಕ್ಸ್ ಎದುರಲ್ಲೇ ಹೇಳಿದ್ದೇನೆ.

ಜಾಸ್ತಿ ಹೇಳಬೇಕಿರುವುದು ಕೌನ್ಸೆಲಿಂಗ್ ಮೇಡಂ ಬಗ್ಗೆ. ಊರಲ್ಲಿ ಕೆಲವರು 'ಹಾಡು ಕೇಳಿ ಗುಣ ಆದನಂತೆ' ಎನ್ನುತ್ತಿದ್ದಾರೆ. ಹಾಗಲ್ಲ. ಮೇಡಂ ಹೆಡ್‌ಫೋನ್ ಕೊಟ್ಟು ಒಂದು ಆಲಾಪ ಕೇಳಿಸುತ್ತಿದ್ದರು. ಆಮೇಲೆ ಮನಸ್ಸು ಎಲ್ಲಿ ತಪ್ಪಿಸಿಕೊಂಡಿತು, ಎಲ್ಲಿ ಎದೆ ಹಗುರಾಯಿತು ಎಂದು ಕೇಳುತ್ತಿದ್ದರು. ಸುಮ್ನೆ ಹಾಡು ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಆ ಮಾತುಕತೆಯೇ. ಇದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ ಎಂದು ಅವರೇ ಎಚ್ಚರಿಸಿದ್ದರು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ವಿಮರ್ಶೆ ಹೇಳುವುದೂ ಅದನ್ನೇ: ಮಾಮೂಲಿ ಚಿಕಿತ್ಸೆಗೆ ಸಂಗೀತ ಚಿಕಿತ್ಸೆ ಸೇರಿಸಿದರೆ ಸ್ವಲ್ಪ ಕಾಲದ ಮಟ್ಟಿಗಾದರೂ ಖಿನ್ನತೆ ಇನ್ನಷ್ಟು ಇಳಿಯುತ್ತದೆ. ಎರಡು ಕಿವಿಗೆ ಎರಡು ಬಗೆಯ ಸದ್ದು ಬಿಟ್ಟು ಖಿನ್ನತೆ ಓಡಿಸುತ್ತೇವೆ ಎನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯುವ ಮೊದಲು ಒಬ್ಬ ಡಾಕ್ಟರನ್ನು ಕೇಳಿ, ಅಷ್ಟೆ.

ಮನೆಗೂ ಹೋಂವರ್ಕ್ ಇತ್ತು. ಒಂದು ಸದ್ದು ಹಿಡಿದು ಅದು ನಿಲ್ಲುವವರೆಗೆ ಕೇಳಬೇಕು. ಬೆಳಗಿನ ಜಾವ ಸಿಳ್ಳಾರ ಹಕ್ಕಿಯನ್ನು ಪ್ರಯತ್ನಿಸಿದೆ. ಅದು ಮಧ್ಯದಲ್ಲೇ ಹಾರಿಹೋಗುತ್ತಿತ್ತು! ಕೊನೆಗೆ ಒಗ್ಗಿದ್ದು ಅಡಿಕೆ ಸುಲಿಯುವಾಗಿನ ಚಿಕ್ಕಮ್ಮನ ಮೆಟ್ಟುಗತ್ತಿ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತರೆ, "ಎಂತದು ಮಾರಾಯ, ನನ್ನ ಕತ್ತಿ ಸದ್ದು ಕೇಳುದಕ್ಕೂ ಡಾಕ್ಟರ್ ಚೀಟಿ ಬೇಕಾಯ್ತಾ?" ಎಂದರು. ಸುಲಿಯಲು ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಅದು. ಚಿಕ್ಕಮ್ಮ, ನಿಮಗೆ ಇದು ಗೊತ್ತಿರಲಿಕ್ಕಿಲ್ಲ.

ಅಪ್ಪಯ್ಯ ಒಂದು ದಿನವೂ 'ನಿನಗೆ ಎಂತ ಕಮ್ಮಿಯಾಗಿದೆ' ಎಂದು ಕೇಳಲಿಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನವರೆಗೆ ಮಳೆಯಲ್ಲೇ ಬೈಕಲ್ಲಿ ಬಿಟ್ಟು ಬರುತ್ತಿದ್ದರು.

ಇನ್ನು ಬೆಂಗಳೂರಿನ ರೂಮ್‌ಮೇಟ್. ನಾನು ಮಂಚ ಬಿಟ್ಟು ಏಳದಿದ್ದಾಗ 14416ಕ್ಕೆ ಫೋನ್ ಹಚ್ಚಿ ಕೈಗೆ ಕೊಟ್ಟವನು ಅವನೇ. ಟೆಲಿ-ಮಾನಸ್ ಎನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯಾ, ಬಾಡಿಗೆಯಲ್ಲಿ ನನ್ನ ಪಾಲು ಇನ್ನೂ ಬಾಕಿ ಇದೆ ಅಲ್ವಾ? ಅಡಿಕೆ ಮಾರಿದ ಮೇಲೆ ಕಳಿಸುತ್ತೇನೆ, ಬೈಬೇಡ.