ಬೀಡಿ ಸೇದುವ ಹಿರಿಯರ ಮೇಲೂ ನ್ಯುಮೋನಿಯಾ ಲಸಿಕೆಯ ಬೂಸ್ಟರ್ ಪರೀಕ್ಷೆ ಆಗಲಿ

ಮಾನ್ಯರೇ,

ನಮ್ಮಪ್ಪನಿಗೆ 71. ಬೀಡಿ ಹಚ್ಚದೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಕೆಮ್ಮು ಶುರುವಾದರೆ ಪಕ್ಕದ ಮನೆಯವರೂ ಎದ್ದು ಕೂರುತ್ತಾರೆ. ಮೂರು ವರ್ಷದ ಹಿಂದೆ ನ್ಯುಮೋನಿಯಾ ಲಸಿಕೆ ಹಾಕಿಸಿದೆವು. ಇನ್ನೊಂದು ಡೋಸ್, ಅಂದರೆ ಬೂಸ್ಟರ್, ಬೇಕಾ ಅಂತ ಕೇಳಿದರೆ ಒಬ್ಬ ಡಾಕ್ಟರು ಬೇಕು ಅಂದರು, ಇನ್ನೊಬ್ಬರು ಸುಮ್ನೆ ದುಡ್ಡು ದಂಡ ಅಂದರು.

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ರಕ್ತಕ್ಕೆ ಇಳಿಯುವ ಅಪಾಯ ಸಿಗರೇಟು ಸೇದುವವರಿಗೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಎಂದು 2000ದಲ್ಲೇ ಅಧ್ಯಯನವೊಂದು ಹೇಳಿತ್ತು. ಅದು 65 ದಾಟದವರ ಲೆಕ್ಕ. ಬೂಸ್ಟರ್ ಹಾಕಿದಾಗಲೆಲ್ಲ ಲಾಭ ಅಂತಲೂ ಇಲ್ಲ. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ವಿರುದ್ಧದ ಲಸಿಕೆಯೊಂದನ್ನು 60 ದಾಟಿದವರಿಗೆ ವರ್ಷದ ನಂತರ ಮತ್ತೆ ಕೊಟ್ಟು ನೋಡಿದಾಗ ಹೆಚ್ಚಿನ ರಕ್ಷಣೆ ಕಾಣಲಿಲ್ಲ. ಹಾಗಾಗಿ ಪರೀಕ್ಷೆ ಮಾಡಿಯೇ ನೋಡಬೇಕು, ಅದೂ ಹೊಗೆ ಕುಡಿದು ಸವೆದ ಶ್ವಾಸಕೋಶದವರಲ್ಲೇ. ಬೀಡಿಯವರನ್ನು ಬಿಡಬಾರದು.

ಮಕ್ಕಳಿಗೆ ಸರ್ಕಾರ ನ್ಯುಮೋನಿಯಾ ಲಸಿಕೆಯನ್ನು ಉಚಿತವಾಗಿ ಹಾಕುತ್ತದೆ. ನಾವು ಅಪ್ಪನಿಗೆ ಜೇಬಿನಿಂದ ಕೊಟ್ಟೆವು. ಮತ್ತೆ ಕೊಡುವ ಮುನ್ನ ಉಪಯೋಗ ಇದೆಯೋ ಇಲ್ಲವೋ ಗೊತ್ತಾಗಬೇಕು, ಅಲ್ವಾ?

ಮೊದಲು ಬೀಡಿ ಬಿಡಿಸಿ ಅಂತ ನೀವು ಹೇಳಬಹುದು. ನಾವೂ 30 ವರ್ಷದಿಂದ ಅದನ್ನೇ ಹೇಳುತ್ತಿದ್ದೇವೆ.

— ಓದುಗ, ಶಿವಮೊಗ್ಗ