ಬ್ಯಾಂಕಿಗೆ ಈ ವಾರವೇ ಹೋಗು, ಮಗಳೇ

ಪ್ರೀತಿಯ ಮಗಳೇ,

ನಿನ್ನ ಕಂಪನಿ ಸಾಲದ ಮುಂದಿನ ತಿಂಗಳ ಕಂತು ಕಟ್ಟಲು ಆಗುವುದಿಲ್ಲ, ಆದರೆ ಬ್ಯಾಂಕಿನವರಿಗೆ ಈಗಲೇ ಹೇಳಲು ನಾಚಿಕೆ ಅಂದೆಯಲ್ಲ, ಆ ಮಾತು ನನ್ನನ್ನು ರಾತ್ರಿಯಿಡೀ ಕೊರೆಯಿತು. ಕಂಪನಿ ಮುಳುಗಿದರೆ ಮುಳುಗಲಿ. ನೀನು ಸುಮ್ನೆ ಕೂರುವುದೇ ನನಗೆ ಭಯ.

ನಾನು ಉಡುಪಿಯ ಅಂಗಡಿ ಅಂಗಡಿ ತಿರುಗಿ ಪಿಗ್ಮಿ, ಅಂದರೆ ದಿನದಿನದ ಚಿಕ್ಕ ಉಳಿತಾಯದ ದುಡ್ಡು, ಕಟ್ಟಿಸಿಕೊಂಡವಳು. 1928ರಲ್ಲಿ ನಮ್ಮ ಊರಲ್ಲೇ ಹುಟ್ಟಿದ ಯೋಜನೆ ಅದು. ಒಂದು ಅಂಗಡಿ ಸೋಲುತ್ತಿದೆ ಅಂತ ಮ್ಯಾನೇಜರಿಗಿಂತ ಮೊದಲು ಪಿಗ್ಮಿಯವರಿಗೆ ಗೊತ್ತಾಗುತ್ತದೆ. ದಿನಾ ನೂರು ಕೊಡುತ್ತಿದ್ದವರು ಐವತ್ತಕ್ಕೆ ಇಳಿಯುತ್ತಾರೆ. ಆಮೇಲೆ "ನಾಳೆ ಬನ್ನಿ ಅಕ್ಕ". ಆಮೇಲೆ ನನ್ನನ್ನು ಕಂಡ ಕೂಡಲೇ ಗೋಡೌನಿನ ಒಳಗೆ ಹೋಗುತ್ತಾರೆ. ಒಬ್ಬ ಬಟ್ಟೆ ಅಂಗಡಿಯವರು ಬ್ಯಾಂಕಿನ ಬಡ್ಡಿ ಕಟ್ಟಲು ಹೆಂಡತಿಯ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟರು. ಅದರ ಬಡ್ಡಿ ಕಟ್ಟಲು ಮೀಟರ್ ಬಡ್ಡಿಗೆ ಸಾಲ ತಂದರು. ಯಾರಿಗೂ ಗೊತ್ತಾಗಬಾರದು ಅಂತ! ಕೊನೆಗೆ ಅಂಗಡಿಯ ಜೊತೆ ಮನೆಯೂ ಹೋಯಿತು. ಮೊದಲೇ ಬಾಯಿ ಬಿಟ್ಟಿದ್ದರೆ ಮನೆಯಾದರೂ ಉಳಿಯುತ್ತಿತ್ತೋ ಏನೋ.

ಸರ್ಕಾರಗಳೂ ಹೀಗೇ ಮಾಡುತ್ತವೆ. ಶ್ರೀಲಂಕಾದ ಹತ್ತಿರ ಡಾಲರ್ ಖಾಲಿಯಾಗುತ್ತಿತ್ತು. ಸಾಲ ಕೊಟ್ಟವರ ಜೊತೆ ಈಗಲೇ ಮಾತಾಡಿ ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರು ಹೇಳಿದರು. ಆದರೂ 2022ರ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡ್ ಸಾಲ ತೀರಿಸಿದರು. ಏಪ್ರಿಲ್ 12ಕ್ಕೆ ಕೈ ಎತ್ತಿದರು. ಅಷ್ಟರಲ್ಲಿ ಪೆಟ್ರೋಲಿಗೂ ಔಷಧಿಗೂ ದುಡ್ಡಿಲ್ಲ. ಕ್ಯೂನಲ್ಲಿ ನಿಂತವರು ಬಡವರು.

ಕಂಪನಿಗಾದರೆ ದಾರಿ ಇದೆ. 2016ರ ದಿವಾಳಿ ಕಾನೂನಿನಲ್ಲಿ ಕಂಪನಿಯೇ ಅರ್ಜಿ ಹಾಕಬಹುದು. ಎಳೆದಷ್ಟೂ ಉಳಿಯುವುದು ಕಡಿಮೆ. ಮಂಗಳೂರಿನ ಬಜ್ಪೆಯಿಂದ ಹಾರುತ್ತಿದ್ದ ಜೆಟ್ ಏರ್‌ವೇಸ್ ವಿಮಾನ ಕಂಪನಿ 2019ರಲ್ಲಿ ನಿಂತಿತು. ಅದನ್ನು ಮುಚ್ಚಿ, ಇದ್ದದ್ದನ್ನು ಮಾರಿ ಅಂತ ಸುಪ್ರೀಂ ಕೋರ್ಟ್ ಹೇಳುವಾಗ 2024ರ ನವೆಂಬರ್. ಕೆಲಸ ಕಳೆದುಕೊಂಡವರು ಅಷ್ಟೂ ವರ್ಷ ಕಾದರು.

ಪ್ರೈವೇಟ್ ಲಿಮಿಟೆಡ್ ಆದ್ದರಿಂದ ಕಂಪನಿಯ ಸಾಲ ಕಂಪನಿಗೆ, ಸರಿ. ಆದರೆ ನೀನು ಸ್ವಂತ ಜಾಮೀನು ಹಾಕಿದ್ದರೆ ಬ್ಯಾಂಕು ನೇರ ನಿನ್ನ ಹತ್ತಿರ ಬರುತ್ತದೆ. ಕಂಪನಿಗೆ ಜಾಮೀನು ನಿಂತವರ ಮೇಲೆ 2019ರ ಡಿಸೆಂಬರಿನಿಂದ ಇದೇ ದಿವಾಳಿ ಕಾನೂನು ನಡೆಯುತ್ತದೆ. ಆ ಬಟ್ಟೆ ಅಂಗಡಿಯವರಂಥ ಸಾಮಾನ್ಯರು ಪಾಪರ್ ಆದರೆ ಇವತ್ತಿಗೂ 1920ರ ಬ್ರಿಟಿಷರ ಕಾಲದ ಕಾನೂನೇ ಗತಿ. ಇದು ದೊಡ್ಡ ಅನ್ಯಾಯ. ದೊಡ್ಡ ಕಂಪನಿಗೆ ಸಿಕ್ಕ ದಾರಿ ಚಿಕ್ಕವರಿಗೆ ಯಾಕೆ ಬೇಡ?

ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕು ಅದನ್ನು ಕೆಟ್ಟ ಸಾಲ ಅಂತ ಬರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಹೋಗಿ ಕೂತರೆ ಕಂತು ಇಳಿಸಲು, ಅವಧಿ ಜಾಸ್ತಿ ಮಾಡಲು ಕೇಳಬಹುದು. ಈ ವಾರವೇ ಹೋಗು. ನಿನ್ನ ಜೊತೆ ಕೆಲಸ ಮಾಡುವ ಹುಡುಗರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳು. ಅವರೂ ಬೇರೆ ಕೆಲಸ ಹುಡುಕಿಕೊಳ್ಳಬೇಕಲ್ವಾ? ಅವರ ಸಂಬಳ ಬಾಕಿ ಇಡಬೇಡ.

ಬ್ಯಾಂಕಿನ ಕೆಲಸ ಮುಗಿಸಿ ಶುಕ್ರವಾರ ರಾತ್ರಿ ಬಸ್ಸಿಗೆ ಬಾ. ಸಾಲದ ಕಾಗದ ಎಲ್ಲ ತಾ, ಒಂದೂ ಬಿಡಬೇಡ. ಎಲ್ಲೆಲ್ಲಿ ಜಾಮೀನು ಸಹಿ ಇದೆ ಅಂತ ಅಪ್ಪ, ನೀನು, ನಾನು ಕೂತು ನೋಡೋಣ. ನನ್ನ ಬಳೆ ಅಡವಿಡುವ ಮಾತು ಮಾತ್ರ ಎತ್ತಬೇಡ. ಅದನ್ನು ನಾನು ಕೊಡುವುದಿಲ್ಲ.

ನಿನ್ನ ಅಮ್ಮ