ಚಾರ್ಮಾಡಿಯ ತರಕಾರಿ ಗಾಡಿ ಅಣ್ಣನಿಗೆ

ಮೊನ್ನೆ ಮುಸ್ಸಂಜೆ ಚಾರ್ಮಾಡಿ ಘಾಟಿ ಹತ್ತುವಾಗ ಅಪ್ಪನಿಗೆ ಎದೆನೋವು ಶುರುವಾಯಿತು. ಫೋನಿನಲ್ಲಿ ಸಿಗ್ನಲ್ ಇಲ್ಲ. ನನಗೆ ಕೈಕಾಲೇ ಆಡಲಿಲ್ಲ. ಹಿಂದೆ ಬರುತ್ತಿದ್ದ ತರಕಾರಿ ಗಾಡಿಯವರು ತಾವಾಗಿಯೇ ನಿಲ್ಲಿಸಿದರು. ನನ್ನ ಫೋನ್ ಇಸ್ಕೊಂಡು ನೋಡಿ, "ಎಮರ್ಜೆನ್ಸಿ ಕಾಲ್ ಅಂತ ತೋರಿಸ್ತಿದೆ ಅಲ್ವಾ, 112 ಒತ್ತಿ. ಬೇರೆ ಕಂಪನಿ ಟವರ್ ಸಿಕ್ಕರೂ ಹೋಗುತ್ತೆ" ಅಂದರು. ಹೋಯಿತು!

ಎಲ್ಲಿದ್ದೀರಿ ಅಂತ ಆ ಕಡೆಯವರು ಕೇಳಿದಾಗ ನಾನು ತಡವರಿಸಿದೆ. ಇವರು ಟಾರ್ಚ್ ಹಿಡಿದು ಓಡಿ, ಪಾಚಿ ಕೆರೆದು, ಕಿಲೋಮೀಟರ್ ಕಲ್ಲಿನ ನಂಬರ್ ಕೂಗಿ ಹೇಳಿದರು. ನಮ್ಮ ಕಾರಿನ ಚಕ್ರಕ್ಕೆ ಕಲ್ಲು ಕೊಟ್ಟರು. ಅಪ್ಪನ ಶರ್ಟಿನ ಗುಂಡಿ ಬಿಚ್ಚಿ ಟವೆಲ್‌ನಿಂದ ಗಾಳಿ ಹಾಕಿದರು. ತಿರುವಿನಲ್ಲಿ ಆಂಬುಲೆನ್ಸ್ ದೀಪ ಕಂಡಾಗಲೇ ನನಗೆ ಹೋದ ಜೀವ ಬಂದಂತಾಯಿತು.

ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿದ್ದರು. ಅಣ್ಣಾ, ತುಂಬಾ ಥ್ಯಾಂಕ್ಸ್. ಅಪ್ಪ ಮನೆಗೆ ಬಂದಿದ್ದಾರೆ, ಉಪ್ಪು ಕಡಿಮೆ ಸಾರಿಗೆ ಬೈಯುತ್ತಿದ್ದಾರೆ.